ಹಳೆಯ ವ್ಯಾಗನಿಯರ್: ಹೊರಗೆ ಥಳುಕು, ಒಳಗೆ ತುಕ್ಕು

ಜೀಪ್ ಎಂದೊಡನೆ ಕನ್ನಡಿಗರ ಕಣ್ಣ ಮುಂದೆ ನಿಲ್ಲುವುದು ಮಲೆನಾಡಿನ ಕೆಸರು ದಾರಿಯಲ್ಲೋ ಕೊಡಗಿನ ಕಾಫಿ ತೋಟದಲ್ಲೋ ಏದುಸಿರು ಬಿಡುತ್ತ ಏರು ಹತ್ತುವ, ಟಾರ್ಪಾಲಿನ ಹೊದಿಕೆಯ ತೆರೆದ ವಾಹನ. ಆದರೆ ಜೀಪಿನ ತವರಾದ ಅಮೆರಿಕದಲ್ಲಿ ಅದೇ ಮನೆತನದಲ್ಲಿ ಹುಟ್ಟಿದ ಇನ್ನೊಂದು ವಾಹನವಿದೆ. ಸುತ್ತಲೂ ಉಕ್ಕಿನ ಮೈ, ಕುಟುಂಬವೆಲ್ಲ ಆರಾಮವಾಗಿ ಕೂರಬಹುದಾದ ಮೆತ್ತನೆಯ ಆಸನಗಳು, ಹಿಂದೆ ಸಾಮಾನಿಗೆ ಪುಟ್ಟ ಕೋಣೆಯಷ್ಟು ಜಾಗ, ಪಕ್ಕಗಳಲ್ಲಿ ಮರದ ಹಲಗೆಯಂತೆ ಕಾಣುವ ಅಗಲವಾದ ಪಟ್ಟಿ. ಇದೇ ಜೀಪ್ ವ್ಯಾಗನಿಯರ್.

1962ರ ಕೊನೆಯ ಭಾಗದಲ್ಲಿ, 1963ರ ಮಾದರಿಯಾಗಿ, ಒಹಾಯೋ ರಾಜ್ಯದ ಟೊಲಿಡೊ ನಗರದ ಕಾರ್ಖಾನೆಯಿಂದ ಇದು ಹೊರಬಂದಿತು. ರೂಪ ಕೊಟ್ಟವರು ಬ್ರೂಕ್ಸ್ ಸ್ಟೀವನ್ಸ್ ಎಂಬ ಹೆಸರಾಂತ ವಿನ್ಯಾಸಕಾರರು. ನಾಲ್ಕು ಚಕ್ರ ಚಾಲನೆಯ ಗಾಡಿಯೆಂದರೆ ಸೈನ್ಯಕ್ಕೆ, ಜಮೀನಿಗೆ, ಅರಣ್ಯ ಕಾವಲುಗಾರರಿಗೆ ಎಂಬ ಭಾವನೆಯಿದ್ದ ಕಾಲದಲ್ಲಿ ಅದನ್ನು ಸಂಸಾರದ ಕಾರಿನಂತೆ ಮಾಡಿ ತೋರಿಸಿದ್ದು ಇದರ ಹೆಗ್ಗಳಿಕೆ. 1970ರಲ್ಲಿ ಕೈಸರ್ ಜೀಪ್ ಕಂಪನಿಯನ್ನು ಅಮೆರಿಕನ್ ಮೋಟರ್ಸ್ ಕೊಂಡಿತು. 1987ರಲ್ಲಿ ಅಮೆರಿಕನ್ ಮೋಟರ್ಸನ್ನೇ ಕ್ರೈಸ್ಲರ್ ಕೊಂಡಿತು. ಒಡೆಯರು ಬದಲಾದರೂ ಗಾಡಿಯ ಮೂಲ ಮೈಕಟ್ಟು ಬದಲಾಗದೆ 1991ರವರೆಗೆ, ಅಂದರೆ 29 ಮಾದರಿ ವರ್ಷಗಳ ಕಾಲ, ನಡೆದುಕೊಂಡು ಬಂದಿತು. 2021ರಲ್ಲಿ ಅದೇ ಹೆಸರಿನ ಹೊಸ ವಾಹನವೊಂದು ಬಂದಿದೆಯಾದರೂ ಅದಕ್ಕೂ ಇದಕ್ಕೂ ಹೆಸರಿನದಷ್ಟೇ ನಂಟು.

ಚೆನ್ನಾಗಿ ದುರಸ್ತಿಯಾದ ಹಳೆಯ ವ್ಯಾಗನಿಯರ್ ಇಂದು ಅಮೆರಿಕದಲ್ಲಿ ಹತ್ತಾರು ಸಾವಿರ ಡಾಲರಿಗೆ ಕೈ ಬದಲಾಯಿಸುತ್ತದೆ. ಅಲ್ಲಿ ನೆಲೆಸಿರುವ ಕನ್ನಡಿಗರಲ್ಲೂ ಹಳೆಯ ಗಾಡಿಗಳ ಮೋಹವುಳ್ಳವರಿಗೆ ಇಂಥದೊಂದು ಮನೆ ಮುಂದೆ ನಿಂತಿರಲಿ ಎನ್ನಿಸಿದರೆ ಆಶ್ಚರ್ಯವಿಲ್ಲ. ಮೊದಲ ಸಲ ಕೊಳ್ಳುವವರು ಸಾಮಾನ್ಯವಾಗಿ ಮೊದಲು ಕೇಳುವುದು ‘ಎಂಜಿನ್ ಹೇಗಿದೆ?’ ಎಂದು. ಕೇಳಬೇಕಾದ ಮೊದಲ ಪ್ರಶ್ನೆ ಅದಲ್ಲ. ಕೆಟ್ಟ ಎಂಜಿನ್ನನ್ನು ಬಿಚ್ಚಿ ಸರಿಪಡಿಸಬಹುದು, ಬೇರೊಂದನ್ನು ಕೂರಿಸಲೂಬಹುದು. ಕರಗಿಹೋದ ಉಕ್ಕನ್ನು ಮರಳಿ ಪಡೆಯುವುದು ಬಹಳ ದುಬಾರಿ ಕೆಲಸ. ಆದ್ದರಿಂದ ಕೊಳ್ಳಬೇಕಾದದ್ದು ಮೈಯನ್ನು. ಎಂಜಿನ್ನಿನ ವಿಚಾರ ಆಮೇಲೆ.

ತುಕ್ಕಿನ ತಕರಾರು

ಕಬ್ಬಿಣ, ನೀರು, ಆಮ್ಲಜನಕ ಈ ಮೂರು ಸೇರಿದರೆ ತುಕ್ಕು ಎಂಬುದು ಪ್ರೌಢಶಾಲೆಯ ಪಾಠ. ಅದಕ್ಕೆ ಉಪ್ಪು ಸೇರಿದರೆ ನೀರಿನ ವಿದ್ಯುದ್ವಾಹಕತೆ ಹೆಚ್ಚಿ ಕ್ರಿಯೆ ಬಹಳ ವೇಗ ಪಡೆಯುತ್ತದೆ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಚಕ್ರದಿಂದ ಚಿಮ್ಮಿ ಗಾಡಿಯ ಸಂದುಗೊಂದುಗಳಲ್ಲೆಲ್ಲ ಸೇರಿಕೊಳ್ಳುತ್ತದೆ. ಹೀಗಾಗಿ ಮಿಷಿಗನ್ ಅಥವಾ ಒಹಾಯೋದಲ್ಲಿ ಓಡಿದ ಗಾಡಿಗಿಂತ ಅರಿಜೋನ, ನ್ಯೂ ಮೆಕ್ಸಿಕೋಗಳಂಥ ಒಣ ಪ್ರದೇಶದಲ್ಲಿ ಓಡಿದ್ದೇ ಮೇಲು. ಅಲ್ಲಿನ ಬಿಸಿಲಿಗೆ ಬಣ್ಣ ಮಾಸುತ್ತದೆ, ಆಸನದ ತೊಗಲು ಸೀಳುತ್ತದೆ, ನಿಜ. ಆದರೆ ಅವನ್ನು ಹೊಸದಾಗಿ ಮಾಡಿಸಬಹುದು.

ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಅದರಿಂದಲೇ ಬಣ್ಣದ ಕೆಳಗೆ ಗುಳ್ಳೆಗಳೇಳುವುದು. ಹೊರಗೆ ಕಡಲೆಕಾಳಿನಷ್ಟು ಗುಳ್ಳೆ ಕಂಡರೆ ಒಳಗೆ ಅಂಗೈಯಷ್ಟು ಹಾಳಾಗಿರಬಹುದು. ನೋಡಲೇಬೇಕಾದ ಸ್ಥಳಗಳು ಇವು: ನೆಲಹಾಸು ಎತ್ತಿದಾಗ ಕಾಣುವ ತಳ, ಬಾಗಿಲುಗಳ ಕೆಳಗಿನ ತೊಲೆ, ಹಿಂದಿನ ಚಕ್ರದ ಕಮಾನು, ಮುಂಗಾಜಿನ ಕೆಳ ಅಂಚು, ಮಾಡಿನ ಸುತ್ತ ಮಳೆನೀರು ಹರಿಯುವ ದೋಣಿ, ಹಿಂಬಾಗಿಲಿನ ತಳ. ಪಕ್ಕದ ಮರದ ಪಟ್ಟಿ ನಿಜವಾದ ಮರವಲ್ಲ, ವಿನೈಲ್ ಹಾಳೆ. ಅದರ ಅಡಿಯಲ್ಲಿ ಉಬ್ಬು ಕಂಡರೆ ಅನುಮಾನಪಡಬೇಕು.

ತೂತುಗಳನ್ನು ಪುಟ್ಟಿಯಿಂದ ಮುಚ್ಚಿ ಬಣ್ಣ ಬಳಿದಿರುವುದನ್ನು ಕಂಡುಹಿಡಿಯಲು ಒಂದು ಸಣ್ಣ ಅಯಸ್ಕಾಂತ ಸಾಕು. ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಮೈಮೇಲೆ ಹಿಡಿಯಿರಿ. ಉಕ್ಕಿದ್ದಲ್ಲಿ ಅಂಟುತ್ತದೆ, ದಪ್ಪ ಪುಟ್ಟಿಯಿದ್ದಲ್ಲಿ ಜಾರಿ ಬೀಳುತ್ತದೆ. ಹಾಗೆಯೇ ಗಾಡಿಯ ಕೆಳಗೆ ಮಲಗಿ ಚಾಸಿಯನ್ನು ನೋಡಬೇಕು. ವ್ಯಾಗನಿಯರ್ ಮೈ ಬೇರೆ, ಚಾಸಿ ಬೇರೆ ಇರುವ ವಾಹನ. ಇಡೀ ಭಾರ ಹೊರುವುದು ಚಾಸಿಯೇ. ಸ್ಪ್ರಿಂಗ್ ಪಟ್ಟಿಗಳು ಕೂಡುವ ಜಾಗ ಹಾಗೂ ಸ್ಟೀರಿಂಗ್ ಪೆಟ್ಟಿಗೆಯನ್ನು ಬಿಗಿದಿರುವ ಜಾಗದಲ್ಲಿ ಬಿರುಕಿದೆಯೇ, ಬೆಸುಗೆ ಹಾಕಿದ ಗುರುತಿದೆಯೇ ಎಂದು ಪರೀಕ್ಷಿಸಬೇಕು. ಮಾಲೀಕರ ಅನುಮತಿ ಪಡೆದು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಗಟ್ಟಿ ಉಕ್ಕು ಟಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ.

ಯಾವ ವರ್ಷದ್ದು ಲೇಸು?

1960ರ ದಶಕದ ಗಾಡಿಗಳು ಅಪರೂಪ. ಮೊದಲ ಮಾದರಿಗಳ 3.8 ಲೀಟರಿನ ಆರು ಸಿಲಿಂಡರಿನ ‘ಟೊರ್ನೇಡೊ’ ಎಂಜಿನ್ನಿಗೆ ಬಿಡಿಭಾಗ ಹುಡುಕುವುದು ಸುಲಭವಲ್ಲ. 1970ರ ದಶಕದವುಗಳಲ್ಲಿ ಅಮೆರಿಕನ್ ಮೋಟರ್ಸ್‌ನ ಎಂಟು ಸಿಲಿಂಡರಿನ ಎಂಜಿನ್‌ಗಳಿವೆ. 1984ರಿಂದ ‘ಗ್ರ್ಯಾಂಡ್’ ವಿಶೇಷಣ ಪಡೆದ 5.9 ಲೀಟರಿನ ಎಂಜಿನ್ನಿನ ಗಾಡಿಗಳು ಮೊದಲ ಸಲ ಕೊಳ್ಳುವವರಿಗೆ ಹೆಚ್ಚು ಅನುಕೂಲ. ಬಿಡಿಭಾಗಗಳೂ, ಇವನ್ನು ಬಲ್ಲ ಮೆಕ್ಯಾನಿಕರೂ ಸಿಗುತ್ತಾರೆ. ಇದೇ ಗಾತ್ರದ ಇಂಟರ್‌ನ್ಯಾಷನಲ್ ಟ್ರಾವೆಲಾಲ್ ಕೂಡ ಒಳ್ಳೆಯ ಗಾಡಿಯೇ. ಆದರೆ ಅದರ ತಯಾರಿಕೆ 1975ರಲ್ಲೇ ನಿಂತಿದ್ದರಿಂದ ಮೈಯ ಭಾಗಗಳು ವಿರಳ.

ಹೊಗೆ ಹೇಳುವ ಕತೆ

ಗಾಡಿ ನೋಡಲು ಹೋಗುವ ಮುನ್ನ ‘ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ’ ಎಂದು ಮಾಲೀಕರಿಗೆ ತಿಳಿಸಿರಬೇಕು. ಹೋದೊಡನೆ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿ. ತಣ್ಣಗಿರುವ ಎಂಜಿನ್ ನಿಜ ಹೇಳುತ್ತದೆ. ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ; ಕಪ್ಪು ಹೊಗೆ ಎಂದರೆ ಪೆಟ್ರೋಲಿನ ಪಾಲು ಹೆಚ್ಚಾಗಿದೆ; ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಸಿಲಿಂಡರಿಗೆ ಇಳಿಯುತ್ತಿರಬಹುದು. ಆಯಿಲ್ ಅಳತೆಯ ಕಡ್ಡಿಯಲ್ಲಿ ಹಾಲುಬೆರೆತ ಕಾಫಿಯಂಥ ಬಣ್ಣ ಕಂಡರೂ ಅದೇ ಅನುಮಾನ.

ಈ ಎಂಟು ಸಿಲಿಂಡರಿನ ಎಂಜಿನ್‌ಗಳಿಗೆ ಒಂದು ವಿಶೇಷವಿದೆ. ಆಯಿಲ್ ಪಂಪಿನ ಹಲ್ಲುಚಕ್ರಗಳು ಮುಂಭಾಗದ ಅಲ್ಯೂಮಿನಿಯಮ್ ಮುಚ್ಚಳದೊಳಗೇ ತಿರುಗುತ್ತವೆ. ಮೃದು ಲೋಹವಾದ ಅದು ಕಾಲಕ್ರಮದಲ್ಲಿ ಸವೆದು ಆಯಿಲಿನ ಒತ್ತಡ ಇಳಿಯುತ್ತದೆ. ಆದ್ದರಿಂದ ಅರ್ಧ ಗಂಟೆ ಓಡಿಸಿ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ನಿಂತಲ್ಲೇ ಒತ್ತಡದ ಮುಳ್ಳನ್ನು ಗಮನಿಸಬೇಕು. ಮುಳ್ಳು ತಳಕ್ಕೆ ಬಿದ್ದರೆ ಬೆಲೆಯ ಮಾತು ಬೇರೆಯಾಗುತ್ತದೆ. ಎಂಟು ಸಿಲಿಂಡರುಗಳ ಸಂಪೀಡನವನ್ನೂ ಅಳೆಸುವುದು ಒಳಿತು. ಅತಿ ಕಡಮೆಯದು ಅತಿ ಹೆಚ್ಚಿನದರ ಶೇಕಡಾ 75ಕ್ಕಿಂತ ಕೆಳಗಿರಬಾರದು.

ಇದು 1991ರವರೆಗೂ ಕಾರ್ಬುರೇಟರನ್ನೇ ಉಳಿಸಿಕೊಂಡ ವಾಹನ. ಇಂದಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ಹಳೆಯ ರಬ್ಬರ್ ನಳಿಕೆಗಳನ್ನು ಮೆತ್ತಗಾಗಿಸಿ ಸೀಳುತ್ತದೆ. ಬಿಸಿ ಎಂಜಿನ್ನಿನ ಪಕ್ಕ ಪೆಟ್ರೋಲ್ ಸೋರಿದರೆ ಪರಿಣಾಮವೇನೆಂದು ಹೇಳಬೇಕಿಲ್ಲ. ಅಂದಹಾಗೆ, ಒಂದು ಲೀಟರಿಗೆ ನಾಲ್ಕರಿಂದ ಐದೂವರೆ ಕಿಲೋಮೀಟರಿಗಿಂತ ಹೆಚ್ಚಿನದನ್ನು ಇದರಿಂದ ನಿರೀಕ್ಷಿಸಬಾರದು. ಸುಮಾರು ಎರಡು ಟನ್ ತೂಕದ ಆನೆಯನ್ನು ಸಾಕುವುದೆಂದರೆ ಹಾಗೆಯೇ.

ನಾಲ್ಕು ಚಕ್ರಗಳ ಲೆಕ್ಕ

ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ವೃತ್ತದಲ್ಲಿ ಸಾಗುತ್ತವೆ, ಅಂದರೆ ಹೆಚ್ಚು ದೂರ ಉರುಳುತ್ತವೆ. ಎರಡನ್ನೂ ಬಿಗಿಯಾಗಿ ಜೋಡಿಸಿದ ಗಾಡಿಯನ್ನು ಒಣ ಡಾಂಬರು ರಸ್ತೆಯಲ್ಲಿ ಹಾಗೆಯೇ ಓಡಿಸಿದರೆ ಈ ವ್ಯತ್ಯಾಸಕ್ಕೆ ದಾರಿಯಿಲ್ಲದೆ ಹಲ್ಲುಚಕ್ರಗಳ ಮೇಲೆ ತಿರುಚು ಬೀಳುತ್ತದೆ. 1973ರಲ್ಲಿ ಬಂದ ‘ಕ್ವಾಡ್ರಾ ಟ್ರ್ಯಾಕ್’ ವ್ಯವಸ್ಥೆ ನಡುವೆ ಇನ್ನೊಂದು ಡಿಫರೆನ್ಷಿಯಲ್ ಇಟ್ಟು ಈ ತೊಂದರೆ ನೀಗಿಸಿತು. ಆದರೆ ನಾಲ್ಕು ಟೈರುಗಳೂ ಒಂದೇ ಸುತ್ತಳತೆಯವಾಗಿರದಿದ್ದರೆ ಆ ಡಿಫರೆನ್ಷಿಯಲ್ ನೇರ ರಸ್ತೆಯಲ್ಲೂ ಬಿಡುವಿಲ್ಲದೆ ದುಡಿದು ಸವೆಯುತ್ತದೆ. ಖಾಲಿ ಮೈದಾನದಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹೊಡೆಯಿರಿ. ಗಾಡಿ ಜಗ್ಗಿ ಜಗ್ಗಿ ನಡೆದರೆ, ನರಳಿದರೆ ದೋಷವಿದೆ. 1980ರ ದಶಕದ ಗಾಡಿಗಳಲ್ಲಿ ಚಾಲನೆಯ ಬದಲಾವಣೆ ನಿರ್ವಾತದ ಸೆಳೆತದಿಂದ ನಡೆಯುವುದರಿಂದ ಸಣ್ಣ ನಳಿಕೆಯೊಂದು ಸೀಳಿದರೂ ಕೆಲಸ ನಿಲ್ಲುತ್ತದೆ. ಮಾರುವವರು ‘ಎಲ್ಲ ಸರಿಯಿದೆ’ ಎಂದರೂ ಎದುರಿನಲ್ಲೇ ಹಾಕಿ ತೆಗೆದು ತೋರಿಸುವಂತೆ ಕೇಳಬೇಕು.

ಜೀವದ ಪ್ರಶ್ನೆ

ಇಲ್ಲಿಯವರೆಗಿನದು ಹಣದ ಲೆಕ್ಕ. ಇದಕ್ಕಿಂತ ದೊಡ್ಡದು ಒಳಗೆ ಕೂರುವವರ ಜೀವ. ಈ ಗಾಡಿಗಳಲ್ಲಿ ಗಾಳಿಚೀಲಗಳಿಲ್ಲ. ಹಳೆಯ ಮಾದರಿಗಳ ಹಿಂದಿನ ಆಸನಗಳಲ್ಲಿ ಸೊಂಟದ ಪಟ್ಟಿ ಮಾತ್ರ. ಮೊದಲ ವರ್ಷಗಳ ಗಾಡಿಗಳಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ಬ್ರೇಕ್ ಮಾರ್ಗವಿತ್ತು. ಎಲ್ಲಿ ಸೋರಿದರೂ ಪೆಡಲು ನೆಲಕ್ಕೆ ಹೋಗುತ್ತದೆ. ಬ್ರೇಕ್ ದ್ರವ ಗಾಳಿಯ ತೇವಾಂಶವನ್ನು ಹೀರಿಕೊಳ್ಳುವ ಗುಣದ್ದು. ವರ್ಷಗಟ್ಟಲೆ ಬದಲಾಯಿಸದ ದ್ರವ ಉದ್ದನೆಯ ಇಳಿಜಾರಿನಲ್ಲಿ ಬಿಸಿಯಾಗಿ ಕುದಿಯುತ್ತದೆ. ಆವಿಯನ್ನು ಒತ್ತಿ ಕುಗ್ಗಿಸಬಹುದಾದ್ದರಿಂದ ಕಾಲು ಒತ್ತಿದರೂ ಚಕ್ರ ನಿಲ್ಲುವುದಿಲ್ಲ. ಟೈರಿನ ಪಕ್ಕದ ಕೊನೆಯ ನಾಲ್ಕು ಅಂಕೆಗಳನ್ನೂ ಓದಬೇಕು. 2319 ಎಂದಿದ್ದರೆ 2019ರ 23ನೆಯ ವಾರದ ತಯಾರಿಕೆ. ಹತ್ತು ವರ್ಷ ದಾಟಿದ ಟೈರಿನಲ್ಲಿ ಹಲ್ಲು ಎಷ್ಟೇ ಉಳಿದಿದ್ದರೂ ಬದಲಿಸುವುದೇ ಕ್ಷೇಮ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ವ್ಯಾಗನಿಯರಿನ ಹಿಂಬಾಗಿಲಿನ ಗಾಜು ವಿದ್ಯುತ್ತಿನಿಂದ ಕೆಳಗಿಳಿಯುತ್ತದೆ. ಮಕ್ಕಳಿಗೆ ಅದು ಇಳಿದಿದ್ದರೆ ಖುಷಿ. ಆದರೆ ಓಡುವ ಗಾಡಿಯ ಚೌಕಾಕಾರದ ಹಿಂಬದಿಯಲ್ಲಿ ಗಾಳಿಯ ಒತ್ತಡ ತಗ್ಗಿ ಸುಳಿಯೇಳುತ್ತದೆ. ಆ ಸುಳಿ ಎಂಜಿನ್ನಿನ ಹೊಗೆಯನ್ನು ತೆರೆದ ಗಾಜಿನ ಮೂಲಕ ಒಳಗೆಳೆಯುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ತೂಕಡಿಕೆ. ಹಿಂದೆ ಕುಳಿತ ಮಗು ನಿದ್ದೆ ಹೋಗಿದೆ ಎಂದೇ ಮುಂದಿನವರು ತಿಳಿಯಬಹುದು. ಆದ್ದರಿಂದ ಹೊಗೆ ಕೊಳವೆ ತೂತಾಗಿದೆಯೇ, ಹಿಂಬಾಗಿಲಿನ ರಬ್ಬರ್ ಅಂಚು ಗಟ್ಟಿಯಾಗಿದೆಯೇ, ಗಾಜು ಪೂರ್ತಿ ಮೇಲೇರುತ್ತದೆಯೇ ಎಂಬುದನ್ನು ನೋಡದೆ ಮುಂದುವರಿಯಬಾರದು. ಓಡುವಾಗ ಹಿಂದಿನ ಗಾಜು ಮುಚ್ಚಿರಲೇಬೇಕು.

ಕಾಗದಪತ್ರ, ಕೈಚೀಲ

1981ರ ಮಾದರಿಯಿಂದೀಚೆಗೆ ಅಮೆರಿಕದ ವಾಹನಗಳ ಗುರುತಿನ ಸಂಖ್ಯೆಯಲ್ಲಿ 17 ಚಿಹ್ನೆಗಳಿವೆ. ಹತ್ತನೆಯದು ಮಾದರಿಯ ವರ್ಷವನ್ನು ಹೇಳುತ್ತದೆ. ಅದು ಇಂಗ್ಲಿಷಿನ ‘ಎಂ’ ಆಗಿದ್ದರೆ 1991. ಗಾಡಿಯ ಮೇಲಿನ ಸಂಖ್ಯೆಯೂ ಮಾಲೀಕತ್ವದ ಪತ್ರದ ಸಂಖ್ಯೆಯೂ ಒಂದೇ ಆಗಿರಬೇಕು. ಕ್ಯಾಲಿಫೋರ್ನಿಯಾದಲ್ಲಿ 1976 ಮತ್ತು ಆನಂತರದ ಮಾದರಿಗಳಿಗೆ ಹೊಗೆ ತಪಾಸಣೆಯಿದೆ. ಹೊಗೆ ನಿಯಂತ್ರಣದ ಭಾಗಗಳನ್ನು ಹಿಂದಿನವರು ಕಿತ್ತುಹಾಕಿದ್ದರೆ ನೋಂದಣಿಯೇ ತೊಡಕಾಗುತ್ತದೆ.

ಮೈ, ಚಾಸಿಗಳ ಪರೀಕ್ಷೆ ನಮ್ಮೂರಿನ ಹಳೆಯ ಜೀಪುಗಳಿಗೂ ಅನ್ವಯಿಸುತ್ತದೆ. ಕರಾವಳಿಯ ಉಪ್ಪುಗಾಳಿ ಮಾಡುವುದೂ ಅಮೆರಿಕದ ರಸ್ತೆ ಉಪ್ಪು ಮಾಡುವ ಕೆಲಸವನ್ನೇ. ಭಾರತದಲ್ಲಿ 2021ರ ನಿಯಮದಂತೆ 50 ವರ್ಷ ಮೀರಿದ, ಮೂಲರೂಪದಲ್ಲೇ ಉಳಿಸಿಕೊಂಡ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಅವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಕೊಂಡ ಮೇಲೆ ಹಣ ಯಾವುದಕ್ಕೆ ಮೊದಲು ಎಂಬುದನ್ನೂ ತೀರ್ಮಾನಿಸಿಕೊಂಡಿರಬೇಕು. ಕೈಯಲ್ಲಿರುವ ಮೊತ್ತವನ್ನೆಲ್ಲ ಗಾಡಿಯ ಬೆಲೆಗೇ ಸುರಿಯದೆ ಒಂದು ಪಾಲನ್ನು ತೆಗೆದಿಟ್ಟು, ಮೊದಲ ತಿಂಗಳಲ್ಲೇ ಬ್ರೇಕಿನ ದ್ರವ ಮತ್ತು ನಳಿಕೆ, ಪೆಟ್ರೋಲ್ ನಳಿಕೆ, ಟೈರು, ಹೊಗೆ ಕೊಳವೆ ಇವಿಷ್ಟನ್ನು ಹೊಸದು ಮಾಡಿಸಬೇಕು. ಮರದ ಪಟ್ಟಿ, ಬಣ್ಣ, ರೇಡಿಯೋಗಳ ಸರದಿ ಆಮೇಲಿನದು. ನೋಡಿದ ಗಾಡಿಯ ಚಾಸಿ ಕೊಳೆತಿದ್ದರೆ, ಬಣ್ಣ ಎಷ್ಟೇ ಮಿಂಚುತ್ತಿರಲಿ, ಕೈಮುಗಿದು ಹಿಂದಿರುಗುವುದೇ ಜಾಣತನ. ಉಳಿದ ಹಣಕ್ಕೆ ಒಣ ನಾಡಿನ ಇನ್ನೊಂದು ವ್ಯಾಗನಿಯರ್ ಇಂದಲ್ಲ ನಾಳೆ ಸಿಕ್ಕೀತು.