ಬೌಲಿಂಗ್ ಯಂತ್ರದ ಅಗಲಪಟ್ಟಿಯೂ ಅದನ್ನು ನಡುವಿನಲ್ಲಿ ನಡೆಸುವ ಕ್ರಮವೂ

ಬಾವಿಯ ಗಡಗಡೆಯ ನಡುವೆ ಒಂದು ತೋಡು ಇರುವುದು. ಹಗ್ಗವು ಆ ತೋಡಿನಲ್ಲಿ ಕುಳಿತು, ಎರಡು ಕಡೆಯ ದಂಡೆಗಳ ಕಾವಲಿನಲ್ಲಿ ಓಡುವುದು. ಹಿಟ್ಟಿನ ಗಿರಣಿಯಲ್ಲಿ ಚಪ್ಪಟೆಯಾದ ಬೆಲ್ಟು ಓಡುವ ಗಾಲಿಯನ್ನು ಸವರಿ ನೋಡಿದರೆ (ಗಿರಣಿಯು ನಿಂತಿರುವಾಗಲೇ ಸವರಬೇಕೆಂದು ಬೇರೆಯಾಗಿ ಹೇಳಬೇಕಾಗಿಲ್ಲ) ಇದಕ್ಕೆ ತೀರ ವಿರುದ್ಧವಾದ ರಚನೆಯು ಕೈಗೆ ತಿಳಿಯುವುದು. ಅಲ್ಲಿ ತೋಡೂ ಇಲ್ಲ, ದಂಡೆಯೂ ಇಲ್ಲ. ಗಾಲಿಯ ನಡುವು ತುಸು ಉಬ್ಬಿ, ಎರಡು ಅಂಚುಗಳ ಕಡೆಗೆ ಇಳಿಜಾರಾಗಿರುವುದು. ಉಬ್ಬಿನ ಮೇಲಿಟ್ಟ ವಸ್ತುವು ಕೆಳಕ್ಕೆ ಜಾರಬೇಕೆಂಬುದು ಸಾಮಾನ್ಯಬುದ್ಧಿಯ ನಿರ್ಣಯ. ಬೆಲ್ಟಾದರೋ ಅಂಚಿನಿಂದ ನೆತ್ತಿಗೆ ಏರಿ ಅಲ್ಲಿಯೇ ನಿಂತು ಓಡುವುದು. ಈ ವೈಚಿತ್ರ್ಯಕ್ಕೆ ಕಾರಣವೇನೆಂಬುದನ್ನು ಅರಿಯದೆ, ಜಾರುವ ಬೆಲ್ಟನ್ನು ಬಲದಿಂದ ತಡೆಯಲು ಹೊರಟವರ ಪ್ರಯತ್ನಗಳು ಬಹುಮಟ್ಟಿಗೆ ವಿಫಲವಾಗಿವೆ. ಆ ವೈಫಲ್ಯವು ಅತ್ಯಂತ ಸ್ಪಷ್ಟವಾಗಿ ಕಾಣುವ ಎಡೆಗಳಲ್ಲಿ ಒಂದು, ಬೌಲಿಂಗ್ ಆಟದ ಯಂತ್ರದಲ್ಲಿರುವ ಅಗಲವಾದ ಸಾಗುಪಟ್ಟಿ.

ಈ ಆಟದ ಸ್ವರೂಪವನ್ನು ಮೊದಲು ಸಂಗ್ರಹವಾಗಿ ಹೇಳುವುದು ಅವಶ್ಯಕ. ನುಣುಪಾದ ಹಲಗೆಯ ಹಾದಿಯೊಂದರ ತುದಿಯಲ್ಲಿ ಸೀಸೆಯಾಕಾರದ ಹತ್ತು ಪಿನ್ನುಗಳನ್ನು ತ್ರಿಕೋಣವಾಗಿ ನಿಲ್ಲಿಸುವರು. ಆಟಗಾರನು ೬೦ ಅಡಿ ದೂರದಿಂದ ಚೆಂಡನ್ನು ಉರುಳಿಸಿ ಅವುಗಳನ್ನು ಕೆಡಹಬೇಕು. ಹಾದಿಯ ಅಗಲವು ಸುಮಾರು ೪೧½ ಅಂಗುಲ. ಅದರ ಎರಡು ಬದಿಗಳಲ್ಲಿಯೂ ತಪ್ಪಿಹೋದ ಚೆಂಡಿಗೆ ಕಾಲುವೆಗಳಿವೆ. ಪಿನ್ನಿನ ಎತ್ತರ ೧೫ ಅಂಗುಲ, ತೂಕ ಮೂರೂವರೆ ಪೌಂಡಿನ ಆಸುಪಾಸು. ಚೆಂಡಿನ ವ್ಯಾಸ ಸುಮಾರು ೮½ ಅಂಗುಲ. ಅದರ ತೂಕವು ೧೬ ಪೌಂಡನ್ನು ಮೀರಕೂಡದು. ಹಾದಿಯ ಹಿಂದೆ ಒಂದು ಗುಂಡಿಯಿದ್ದು, ಚೆಂಡೂ ಬಿದ್ದ ಪಿನ್ನುಗಳೂ ಅದರೊಳಕ್ಕೆ ಹೋಗಿ ಸೇರುವುವು.

ಅಮೆರಿಕದಲ್ಲಿ ಬಹುಕಾಲ ಈ ಗುಂಡಿಯ ಕೆಲಸವನ್ನು ಹುಡುಗರು ಮಾಡುತ್ತಿದ್ದರು. ಗುಂಡಿಯ ಮೇಲಣ ಅಡ್ಡಹಲಗೆಯಲ್ಲಿ ಕಾಲುಗಳನ್ನೆತ್ತಿ ಕುಳಿತಿದ್ದು, ಚೆಂಡು ಬಂದೊಡನೆ ಕೆಳಗಿಳಿದು ಪಿನ್ನುಗಳನ್ನು ಆಯ್ದು ಮತ್ತೆ ನಿಲ್ಲಿಸಿ, ಚೆಂಡನ್ನು ಆಟಗಾರನ ಕಡೆಗೆ ಹಿಂದಿರುಗಿಸುವುದು ಅವರ ಕೆಲಸ. ರಾತ್ರಿಯ ಹೊತ್ತಿನ ದುಡಿಮೆ, ಅಲ್ಪವಾದ ಕೂಲಿ, ಹಾರಿಬರುವ ಪಿನ್ನುಗಳ ಪೆಟ್ಟು: ಇವು ಆ ವೃತ್ತಿಯ ಲಕ್ಷಣಗಳು. ಫ್ರೆಡ್ ಷ್ಮಿಟ್ ಎಂಬ ಶಿಲ್ಪಜ್ಞನು ೧೯೩೦ರ ದಶಕದಲ್ಲಿ ಕಲ್ಪಿಸಿದ ಸ್ವಯಂಚಾಲಿತ ಯಂತ್ರವನ್ನು ಎ.ಎಂ.ಎಫ್. ಸಂಸ್ಥೆಯು ಕೈಗೊಂಡು ೧೯೪೬ರಲ್ಲಿ ಬಫಲೋ ನಗರದ ಪಂದ್ಯಾವಳಿಯ ಕಾಲದಲ್ಲಿ ಪ್ರದರ್ಶಿಸಿತು. ೧೯೫೦ರ ದಶಕದಲ್ಲಿ ಇಂತಹ ಯಂತ್ರಗಳು ಆ ದೇಶವನ್ನೆಲ್ಲ ವ್ಯಾಪಿಸಿದುವು. ಹುಡುಗರ ಕೈಗಳು ಮಾಡುತ್ತಿದ್ದ ಕೆಲಸದಲ್ಲಿ ಮೊದಲನೆಯದು ಗುಂಡಿಯಿಂದ ಎಲ್ಲವನ್ನೂ ಹಿಂದಕ್ಕೆ ಸಾಗಿಸುವುದು. ಅದು ಈಗ ಒಂದು ಪಟ್ಟಿಯ ಪಾಲಿಗೆ ಬಂದಿತು.

ಗುಂಡಿಯ ತಳದಲ್ಲಿ ಹಾಸಿದಂತೆ ಕಾಣುವುದರಿಂದ ಅಲ್ಲಿಯ ಯಂತ್ರಕಾರರು ಈ ಪಟ್ಟಿಯನ್ನು ಕಾರ್ಪೆಟ್ ಎಂದೇ ಕರೆಯುವರು. ಓಡುವ ಜಮಖಾನೆಯೆಂದರೆ ನಮ್ಮವರಿಗೆ ನಗೆ ಬಂದೀತು. ಆದರೆ ಹೆಸರು ಅನ್ವರ್ಥವಾಗಿಯೇ ಇದೆ. ಮುಂದೊಂದು ಹಿಂದೊಂದು ಉರುಳೆಗಳಿದ್ದು, ಪಟ್ಟಿಯು ಅವುಗಳನ್ನು ಬಳಸಿ ಸುತ್ತುವುದು. ಅದರ ಮೇಲ್ಭಾಗವು ಹಿಂದಕ್ಕೆ ಸಾಗುತ್ತಿರುವುದು. ಎ.ಎಂ.ಎಫ್. ಮಾದರಿಯಲ್ಲಿ ಪಟ್ಟಿಯ ಮೇಲುಗಡೆ ಅಡ್ಡಲಾಗಿ ಒಂದು ದಪ್ಪನೆಯ ಮೆತ್ತೆಯು ತೂಗುತ್ತಿರುವುದು. ಚೆಂಡು ಅದಕ್ಕೆ ತಾಗಿ ವೇಗವನ್ನು ಕಳೆದುಕೊಳ್ಳುವುದು. ಮೆತ್ತೆಗೂ ಪಟ್ಟಿಗೂ ನಡುವಣ ಸಂದಿನಲ್ಲಿ ಮಲಗಿದ ಪಿನ್ನು ನುಸುಳಬಲ್ಲುದು, ಚೆಂಡು ನುಸುಳಲಾರದು. ಪಿನ್ನಿನ ಅತಿ ದಪ್ಪವಾದ ಭಾಗವೂ ಐದು ಅಂಗುಲಕ್ಕೆ ಕಡಿಮೆಯಷ್ಟೆ. ಆದುದರಿಂದ ಪಿನ್ನುಗಳು ಹಿಂದೆ ತಿರುಗುತ್ತಿರುವ ದೊಡ್ಡ ಚಕ್ರದ ಗೂಡುಗಳನ್ನು ಸೇರಿ ಮೇಲಕ್ಕೇರುವುವು. ಚೆಂಡು ಮೆತ್ತೆಯುದ್ದಕ್ಕೂ ಪಕ್ಕಕ್ಕೆ ಉರುಳಿ, ಎರಡು ಹಾದಿಗಳ ನಡುವೆ ಇರುವ ಎತ್ತುಸಾಧನವನ್ನು ಸೇರುವುದು. ಹೀಗೆ ಚೆಂಡನ್ನೂ ಪಿನ್ನನ್ನೂ ಬೇರ್ಪಡಿಸುವ ವಿವೇಕವು ಯಾವ ಸೂಕ್ಷ್ಮೋಪಕರಣದಲ್ಲಿಯೂ ಇಲ್ಲ. ಕೇವಲ ಒಂದು ಸಂದಿನ ಅಳತೆಯಲ್ಲಿದೆ.

ಹಾದಿಯ ಅಗಲವನ್ನೂ ಎರಡು ಕಾಲುವೆಗಳ ಅಗಲವನ್ನೂ ಈ ಪಟ್ಟಿಯೊಂದೇ ಮುಚ್ಚಬೇಕಾಗಿರುವುದರಿಂದ ಇದರ ಅಗಲವು ಐದು ಅಡಿಗೆ ಸಮೀಪವಾಗಿರುವುದು. ಉದ್ದವಾದರೋ ಗುಂಡಿಯ ಆಳಕ್ಕೆ ತಕ್ಕಷ್ಟು ಮಾತ್ರ. ಅಗಲವು ಹಿರಿದು, ಉರುಳೆಯಿಂದ ಉರುಳೆಗೆ ದೂರವು ಕಿರಿದು: ತೊಂದರೆಯ ಮೂಲವೆಲ್ಲ ಈ ಪ್ರಮಾಣದಲ್ಲಿಯೇ ಅಡಗಿದೆ. ಪಟ್ಟಿಯು ಒಂದು ಬದಿಗೆ ಸರಿದರೆ ಅದರ ಅಂಚು ಗೋಡೆಹಲಗೆಗೆ ಉಜ್ಜುವುದು, ನೂಲು ಬಿಚ್ಚುವುದು, ಬಿಚ್ಚಿದ ನೂಲು ಉರುಳೆಯ ತುದಿಗೆ ಸುತ್ತಿಕೊಂಡು ಆ ತುದಿಯನ್ನು ದಪ್ಪಗೆ ಮಾಡುವುದು, ದಪ್ಪವಾದ ತುದಿಯು ಪಟ್ಟಿಯನ್ನು ಇನ್ನಷ್ಟು ತನ್ನ ಕಡೆಗೆ ಸೆಳೆಯುವುದು. ಕೊನೆಗೆ ಪಟ್ಟಿಯು ಮಡಿಸಿಕೊಂಡು ನಿಲ್ಲುವುದು, ಆಟವೂ ಅದರೊಡನೆ ನಿಲ್ಲುವುದು.

ಪಟ್ಟಿಯು ಪಕ್ಕಕ್ಕೆ ಸರಿಯುವುದೇಕೆ? ಇದಕ್ಕೆ ಯಂತ್ರಕಾರರಲ್ಲಿ ಎರಡು ಸೂತ್ರಗಳು ಪ್ರಚಲಿತವಾಗಿವೆ. ಪಟ್ಟಿಯು ಉರುಳೆಯ ದಪ್ಪವಾದ ಕಡೆಗೆ ಏರುವುದೆಂಬುದು ಒಂದು. ಉರುಳೆಯು ಓರೆಯಾಗಿದ್ದರೆ, ಅದರ ಯಾವ ತುದಿಯನ್ನು ಪಟ್ಟಿಯು ಮೊದಲು ಮುಟ್ಟುವುದೋ ಆ ತುದಿಯ ಕಡೆಗೆ ಸರಿಯುವುದೆಂಬುದು ಇನ್ನೊಂದು. ಮೊದಲನೆಯ ಸಂದರ್ಭದಲ್ಲಿ ಪಟ್ಟಿಯು ಬಿಗಿಯಾದ ಬದಿಗೆ ಹೋಗುವುದು, ಎರಡನೆಯದರಲ್ಲಿ ಸಡಿಲವಾದ ಬದಿಗೆ. ಆದುದರಿಂದ ಇವೆರಡೂ ಪರಸ್ಪರ ವಿರುದ್ಧವೆಂದು ಮೇಲುನೋಟಕ್ಕೆ ತೋರುವುದು. ಬಿಗುವೇ ಪಟ್ಟಿಯನ್ನು ಎಳೆಯುವುದೆಂದು ನಂಬಿದವರು ಇಲ್ಲಿ ದಾರಿತಪ್ಪುವರು. ವಿಚಾರಿಸಿ ನೋಡಿದರೆ ಎರಡಕ್ಕೂ ತತ್ತ್ವವು ಒಂದೇ. ಉರುಳೆಯ ಮೇಲೆ ಒಮ್ಮೆ ಕುಳಿತ ಪಟ್ಟಿಯ ಭಾಗವು, ಘರ್ಷಣೆಯ ಹಿಡಿತದಿಂದಾಗಿ, ಪಕ್ಕಕ್ಕೆ ಜಾರದೆ ಉರುಳೆಯೊಡನೆಯೇ ಚಲಿಸುವುದು. ಆದುದರಿಂದ ಪಟ್ಟಿಯ ಸ್ಥಾನವು ನಿರ್ಣಯವಾಗುವುದು ಅದು ಉರುಳೆಯನ್ನು ಮುಟ್ಟುವ ಆ ಒಂದು ರೇಖೆಯಲ್ಲಿ ಮಾತ್ರ.

ಓರೆಯಾದ ಉರುಳೆಯನ್ನು ಮೊದಲು ತೆಗೆದುಕೊಳ್ಳೋಣ. ಉರುಳೆಯ ಮೈಮೇಲಣ ಪ್ರತಿಯೊಂದು ಬಿಂದುವೂ ಅಚ್ಚಿಗೆ ಲಂಬವಾಗಿಯೇ ಚಲಿಸುವುದು. ಅಚ್ಚು ಓರೆಯಾದರೆ ಚಲನೆಯ ದಿಕ್ಕೂ ಅಷ್ಟೇ ಓರೆಯಾಗುವುದು. ಬಲತುದಿಯು ಬರುತ್ತಿರುವ ಪಟ್ಟಿಯ ಕಡೆಗೆ ಬಾಗಿದ್ದರೆ, ಅದರ ಮೇಲೆ ಕುಳಿತ ಪಟ್ಟಿಯು ಮುಂದಕ್ಕೆ ಹೋಗುತ್ತ ತುಸು ಬಲಕ್ಕೂ ಒಯ್ಯಲ್ಪಡುವುದು. ಐದು ಅಡಿ ಅಗಲದಲ್ಲಿ ಅಂಗುಲದ ೧/೧೬ರಷ್ಟು ಓರೆಯಿದ್ದರೆ, ಗಣಿತದಂತೆ ಪಟ್ಟಿಯು ೧೦೦ ಅಡಿ ಓಡುವಷ್ಟರಲ್ಲಿ ಒಂದೂಕಾಲು ಅಂಗುಲ ಪಕ್ಕಕ್ಕೆ ಸರಿಯಬೇಕು. ಜಾರುವಿಕೆಯೂ ಪಟ್ಟಿಯ ಬಿರುಸೂ ಇದನ್ನು ತಗ್ಗಿಸುವುವು, ನಿಜ. ಆದರೂ ಕಣ್ಣಿಗೆ ಕಾಣದಷ್ಟು ಸಣ್ಣ ದೋಷವು ಎಷ್ಟು ಬೇಗ ಫಲಕಾರಿಯಾಗುವುದೆಂಬುದು ಇದರಿಂದ ತಿಳಿಯುವುದು.

ಇನ್ನು ಉಬ್ಬಿನ ವಿಷಯ. ಬಾಯಿ ಅಗಲವಾಗಿ ತಳ ಕಿರಿದಾಗಿರುವ ಒಂದು ಲೋಟವನ್ನು ತೆಗೆದುಕೊಂಡು, ನೇರವಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅದರ ಸುತ್ತಲೂ ಸುಕ್ಕಿಲ್ಲದಂತೆ ಸುತ್ತಿ ನೋಡಬಹುದು. ಮೊದಲು ಎಷ್ಟೇ ಮಟ್ಟಸವಾಗಿ ಇಟ್ಟರೂ ಮುಂದಿನ ಭಾಗವು ಲೋಟದ ಬಾಯಿಯ ಕಡೆಗೆ ಏರಿಹೋಗುವುದು. ಶಂಕುವಿನಾಕಾರದ ಮೈಮೇಲೆ ನೇರವಾದ ಪಟ್ಟಿಯು ಚಪ್ಪಟೆಯಾಗಿ ಕೂರುವ ದಾರಿಯೇ ಅದು. ಉಬ್ಬಿದ ಗಾಲಿಯೆಂದರೆ ಬಾಯಿಗೆ ಬಾಯಿ ಸೇರಿಸಿದ ಎರಡು ಲೋಟಗಳು. ಎಡಕ್ಕೆ ಸರಿದ ಬೆಲ್ಟು ಎಡಲೋಟದ ಮೇಲೆ ಬಾಯಿಯ ಕಡೆಗೆ, ಎಂದರೆ ನಡುವಿಗೆ, ಏರುವುದು; ಬಲಕ್ಕೆ ಸರಿದದ್ದು ಬಲಲೋಟದ ಮೇಲೆ ಅಂತೆಯೇ ನಡುವಿಗೆ ಬರುವುದು. ಜಾರಿಬೀಳುವ ಪ್ರಶ್ನೆಯೇ ಇಲ್ಲ. ಏಕೆಂದರೆ ಬೆಲ್ಟು ಉಬ್ಬಿನ ಮೇಲೆ ಸುಮ್ಮನೆ ಕುಳಿತಿಲ್ಲ, ಕ್ಷಣಕ್ಷಣವೂ ಹೊಸದಾಗಿ ಬಂದು ಕೂರುತ್ತಿದೆ.

ಗಿರಣಿಯ ಬೆಲ್ಟಿಗೆ ಇಷ್ಟು ಸಾಕು. ಅದು ಕಿರಿದು, ನೀಳವಾದುದು, ಪಕ್ಕಕ್ಕೆ ಸುಲಭವಾಗಿ ಬಾಗುವುದು. ಪ್ರತಿ ಅಡಿ ಅಗಲಕ್ಕೆ ವ್ಯಾಸದಲ್ಲಿ ೧/೮ ಅಂಗುಲದಷ್ಟು ಉಬ್ಬು ಅದನ್ನು ದಾರಿಗೆ ತರುವುದು. ಬೌಲಿಂಗ್ ಯಂತ್ರದ ಪಟ್ಟಿಗೆ ಈ ಉಪಾಯವು ಪೂರ್ತಿಯಾಗಿ ಫಲಿಸದು. ಅಗಲವು ಉದ್ದಕ್ಕೆ ಸಮಾನವಾದ ಬಟ್ಟೆಯನ್ನು ಅದರ ತಲದಲ್ಲಿಯೇ ಪಕ್ಕಕ್ಕೆ ಬಾಗಿಸುವುದು ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಬಾಗಿಸಿದಷ್ಟೇ ಕಷ್ಟ. ಉಬ್ಬನ್ನು ಹೆಚ್ಚಿಸಿದರೆ ನಡುವು ಮಾತ್ರ ಬಿಗಿದು ಅಂಚುಗಳು ಸಡಿಲವಾಗಿ ಅಲೆಯುವುವು. ಅಲೆಯುವ ಅಂಚಿನಲ್ಲಿ ಹಿಡಿತವಿಲ್ಲ, ಹಿಡಿತವಿಲ್ಲದೆಡೆ ಮಾರ್ಗದರ್ಶನವೂ ಇಲ್ಲ. ಆದಕಾರಣ ಅಗಲಪಟ್ಟಿಗಳಲ್ಲಿ ಉರುಳೆಯ ನಡುವಣ ಬಹುಭಾಗವನ್ನು ಸಮವಾಗಿಟ್ಟು ತುದಿಗಳನ್ನು ಮಾತ್ರ ತುಸು ಇಳಿಸುವುದುಂಟು. ಎಷ್ಟಾದರೂ ಉಬ್ಬು ಇಲ್ಲಿ ಸಣ್ಣಪುಟ್ಟ ತಪ್ಪುಗಳನ್ನು ಕ್ಷಮಿಸುವ ಸಹಾಯಕ ಮಾತ್ರ. ಮುಖ್ಯವಾದುದು ಉರುಳೆಗಳ ಸಮಾನಾಂತರತೆ.

ಬದಿಗಳಲ್ಲಿ ತಡೆಗಟ್ಟೆಗಳನ್ನು ನಿಲ್ಲಿಸಿ ಪಟ್ಟಿಯನ್ನು ನಡುವಿಗೆ ತಳ್ಳುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಎಲ್ಲಕ್ಕಿಂತ ಕೆಟ್ಟ ಉಪಾಯವೂ ಅದೇ. ಐದು ಅಡಿ ಅಗಲದ ಬಟ್ಟೆಯನ್ನು ಉರುಳೆಯು ತನ್ನ ಪೂರ್ಣ ಹಿಡಿತದಿಂದ ಒಯ್ಯುತ್ತಿರುವಾಗ, ತೆಳುವಾದ ಅಂಚಿನ ಮೇಲೆ ಒತ್ತಿದರೆ ಅಂಚು ಸುರುಳಿಯಾಗುವುದೇ ಹೊರತು ಪಟ್ಟಿಯು ಸರಿಯದು. ಪಟ್ಟಿಯ ಅಡಿಯಲ್ಲಿ ನೀಳವಾದ ಏಣನ್ನು ಅಂಟಿಸಿ ಉರುಳೆಯ ತೋಡಿನಲ್ಲಿ ಓಡಿಸುವ ಕ್ರಮವು ಇದಕ್ಕಿಂತ ಮೇಲು. ಆದರೆ ಚೌಕಟ್ಟು ಸೊಟ್ಟಗಿದ್ದರೆ ಆ ಏಣೂ ತೋಡನ್ನು ಬಿಟ್ಟು ಏರುವುದು.

ಪಟ್ಟಿಯನ್ನು ತಿದ್ದಹೊರಟವನು ತಿರುಪಿಗೆ ಕೈಹಾಕುವ ಮುನ್ನ ದೋಷವು ಎಲ್ಲಿಯದೆಂಬುದನ್ನು ಅರಿಯಬೇಕು. ಪಟ್ಟಿಯ ಒಂದು ನಿರ್ದಿಷ್ಟ ಭಾಗವು ಮಾತ್ರ ಸುತ್ತುಸುತ್ತಿಗೂ ಹೊರಕ್ಕೆ ಹೋಗಿ ಮತ್ತೆ ಒಳಕ್ಕೆ ಬರುತ್ತಿದ್ದರೆ ದೋಷವು ಪಟ್ಟಿಯದು. ಪಟ್ಟಿಯೆಲ್ಲವೂ ಒಂದೇ ಬದಿಗೆ ಸರಿದು ನಿಂತರೆ ದೋಷವು ಉರುಳೆಯದು ಅಥವಾ ಚೌಕಟ್ಟಿನದು. ಪಟ್ಟಿಯ ದೋಷಗಳಲ್ಲಿ ಮುಖ್ಯವಾದುದು ಜೋಡಣೆ. ಎರಡು ತುದಿಗಳಿಗೂ ಲೋಹದ ಕೊಂಡಿಗಳನ್ನು ಹಾಕಿ ನಡುವೆ ಸರಳನ್ನು ತೂರಿಸಿ ಪಟ್ಟಿಯನ್ನು ಸೇರಿಸುವುದು ರೂಢಿ. ತುದಿಗಳನ್ನು ಅಂಚಿಗೆ ಸರಿಯಾಗಿ ಲಂಬವಾಗಿ ಕತ್ತರಿಸದಿದ್ದರೆ ಒಂದು ಬದಿಯ ಉದ್ದ ಹೆಚ್ಚಾಗಿ ಪಟ್ಟಿಯು ಬಾಳೆಕಾಯಿಯಂತೆ ಬಾಗುವುದು. ಈ ಲಂಬವನ್ನು ಒಂದು ಅಂಚಿಗೆ ಚಿಕ್ಕ ಮೂಲೆಮಟ್ಟವನ್ನಿಟ್ಟು ಎಳೆದರೆ ಸಾಲದು. ಐದು ಅಡಿಗಳ ಮೇಲೆ ಆ ಅಲ್ಪದೋಷವು ಬೆಳೆಯುವುದು. ಹಲವೆಡೆ ಅಗಲದ ಮಧ್ಯವನ್ನು ಗುರುತಿಸಿ, ಮಧ್ಯರೇಖೆಯೊಂದನ್ನು ಎಳೆದು, ಅದಕ್ಕೆ ಲಂಬವನ್ನು ಹಾಕುವುದೇ ಸರಿಯಾದ ಕ್ರಮ.

ಅನಂತರ ಉರುಳೆಗಳ ಶುದ್ಧಿ. ಬೌಲಿಂಗ್ ಹಾದಿಗೆ ಎಣ್ಣೆಯನ್ನು ಬಳಿದಿರುವರು. ಚೆಂಡು ಆ ಎಣ್ಣೆಯನ್ನು ಹೊತ್ತು ತಂದು ಪಟ್ಟಿಗೆ ಬಳಿಯುವುದು. ಅದಕ್ಕೆ ಧೂಳೂ ನೂಲೂ ಸೇರಿ ಉರುಳೆಯ ಮೇಲೆ ಜಿಡ್ಡಿನ ಪದರವಾಗುವುದು. ಪದರವು ಒಂದು ತುದಿಯಲ್ಲಿ ಹೆಚ್ಚಾದರೆ ಉರುಳೆಯು ಲೋಟದಂತಾಗುವುದು. ಮುಂದಿನ ಕಥೆಯು ಮೇಲೆ ಹೇಳಿದಂತೆಯೇ. ಜಿಡ್ಡನ್ನು ಕೆರೆದು ತೆಗೆಯದೆ ತಿರುಪಿನಿಂದ ಸರಿಪಡಿಸಿದವನು ಒಂದು ದೋಷವನ್ನು ಇನ್ನೊಂದು ದೋಷದಿಂದ ಮುಚ್ಚಿದಂತಾಯಿತು. ಶುದ್ಧಿಯಾದ ಮೇಲೆ ರಸಮಟ್ಟದಿಂದ ಉರುಳೆಗಳ ಮಟ್ಟವನ್ನೂ, ಎರಡು ಬದಿಗಳಲ್ಲಿ ಅಚ್ಚಿನಿಂದ ಅಚ್ಚಿಗೆ ಇರುವ ದೂರವನ್ನೂ ಅಳೆಯಬೇಕು. ಆ ದೂರಗಳು ಸಮವಾಗಿದ್ದರೂ ಚೌಕಟ್ಟು ವಜ್ರಾಕೃತಿಯಾಗಿ ಸೊಟ್ಟಗಿರಬಹುದು. ಅದನ್ನು ಹಿಡಿಯಲು ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೂ ಅಳೆದು ಹೋಲಿಸಬೇಕು. ಬೇರಿಂಗು ಸವೆದಿದ್ದರೆ ಈ ಅಳತೆಗಳೆಲ್ಲ ಯಂತ್ರವು ಓಡತೊಡಗಿದೊಡನೆ ಸುಳ್ಳಾಗುವುವು.

ಇಷ್ಟೆಲ್ಲ ಆದ ಬಳಿಕವೇ ತಿರುಪು. ಪಟ್ಟಿಯು ಬಲಕ್ಕೆ ಸರಿಯುತ್ತಿದ್ದರೆ ಬಿಗುವನ್ನು ಹೊಂದಿಸುವ ಉರುಳೆಯ ಬಲತುದಿಯನ್ನು ಹೊರಕ್ಕೆ ಸರಿಸಬೇಕು, ಅಥವಾ ಎಡತುದಿಯನ್ನು ಸಡಿಲಿಸಬೇಕು; ಆಗ ಪಟ್ಟಿಯು ಎಡತುದಿಯನ್ನು ಮೊದಲು ಮುಟ್ಟಿ ಎಡಕ್ಕೆ ಬರುವುದು. ಒಂದೇ ಬದಿಯನ್ನು ಮತ್ತೆ ಮತ್ತೆ ಬಿಗಿಯುತ್ತ ಹೋದರೆ ಒಟ್ಟು ಬಿಗುವು ಮಿತಿಮೀರಿ ಅಚ್ಚು ಬಾಗುವುದು. ಕಾಲುಸುತ್ತು ತಿರುಗಿಸಿ, ಪಟ್ಟಿಯು ಹಲವು ಸುತ್ತು ಓಡುವವರೆಗೆ ಕಾದು ನೋಡಬೇಕು. ಓಡುತ್ತಿರುವಾಗ ಪಟ್ಟಿಯನ್ನು ಕೈಯಿಂದ ತಳ್ಳಿ ನೋಡುವ ಚಪಲವು ಅನೇಕರಿಗುಂಟು. ಪಟ್ಟಿಯೂ ಉರುಳೆಯೂ ಕೂಡುವ ರೇಖೆಯು ಬೆರಳನ್ನೂ ಬಟ್ಟೆಯಂತೆಯೇ ಒಳಕ್ಕೆಳೆಯುವುದು. ವಿದ್ಯುತ್ತನ್ನು ಕಡಿದು, ಅದು ಮತ್ತೆ ಹರಿಯದಂತೆ ಭದ್ರಪಡಿಸಿದಲ್ಲದೆ ಕೈಯಿಕ್ಕಲಾಗದು. ಹುಡುಗರನ್ನು ಗುಂಡಿಯ ಪೆಟ್ಟಿನಿಂದ ಬಿಡಿಸಿದ ಯಂತ್ರವು ತನ್ನನ್ನು ಕಾಯುವವನ ಬೆರಳನ್ನು ಕೇಳಬಾರದಷ್ಟೆ.

ಬರಿದಾಗಿ ಓಡುವಾಗ ನಡುವಿನಲ್ಲಿದ್ದ ಪಟ್ಟಿಯು ಆಟದ ಹೊತ್ತಿನಲ್ಲಿ ಸರಿಯುವುದುಂಟು. ಹದಿನಾರು ಪೌಂಡಿನ ಚೆಂಡು ಪಟ್ಟಿಯ ಮೇಲೆ ಸುತ್ತುತ್ತ ಪ್ರತಿಸಲವೂ ಒಂದೇ ಬದಿಗೆ ಹೋಗುವುದು. ನೆರೆಹೊರೆಯ ಎರಡು ಹಾದಿಗಳು ಒಂದೇ ಎತ್ತುಸಾಧನವನ್ನು ಹಂಚಿಕೊಂಡಿರುವುದರಿಂದ, ಒಂದರಲ್ಲಿ ಚೆಂಡು ಬಲಕ್ಕೆ ಹೋದರೆ ಇನ್ನೊಂದರಲ್ಲಿ ಎಡಕ್ಕೆ ಹೋಗುವುದು. ಆದುದರಿಂದ ಒಂದು ಯಂತ್ರದ ತಿರುಪುಗಳ ಸ್ಥಿತಿಯನ್ನು ನೋಡಿ ಪಕ್ಕದ ಯಂತ್ರವನ್ನು ಹಾಗೆಯೇ ಹೊಂದಿಸುವುದು ಸರಿಯಲ್ಲ. ಪ್ರತಿಯೊಂದು ಪಟ್ಟಿಯನ್ನೂ ಬರಿದಾಗಿ ಓಡಿಸಿ ಒಮ್ಮೆ, ಚೆಂಡನ್ನು ಉರುಳಿಸಿ ಮತ್ತೊಮ್ಮೆ ಪರೀಕ್ಷಿಸಿ, ಎರಡೂ ಸ್ಥಿತಿಗಳಲ್ಲಿ ಅಂಚುಗಳಿಗೂ ಗೋಡೆಹಲಗೆಗಳಿಗೂ ನಡುವೆ ತೆರಪು ಉಳಿಯುವಂತೆ ತಿರುಪುಗಳನ್ನು ನಿಲ್ಲಿಸಿ, ಅವುಗಳ ಸ್ಥಾನವನ್ನು ಚೌಕಟ್ಟಿನ ಮೇಲೆ ಗೀರಿ ಗುರುತಿಡುವರು.