ಹತ್ತು ನಿಮಿಷದ ಆಕಾಶ, ಆರು ದಿನದ ಹಿಮ

ಅಮರಗೋಳ: ಎಪಿಎಂಸಿಯ ಅಡತಿ ಅಂಗಡಿಯಲ್ಲಾಗಲಿ, ಚಿಗರಿ ಬಸ್ಸಿಗೆ ಕಾಯುವಲ್ಲಾಗಲಿ ರಾಕೆಟ್ಟಿನ ಮಾತು ಬಂದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ರೊಕ್ಕಾ ಕೊಟ್ರ ಈಗ ಯಾರರ ಹೋಗಬಹುದಂತ, ಖರೇ ಏನ್ರೀ?" ಖರೇ ಐತ್ರೀ. ಆದರೆ ರೊಕ್ಕ ಎಷ್ಟು, ಅದಕ್ಕೆ ಸಿಗುವ ಮಾಲು ಎಷ್ಟು ಎಂಬುದನ್ನು ವ್ಯಾಪಾರಸ್ಥರು ಒಮ್ಮೆ ತೂಗಿ ನೋಡಬೇಕು.

2001ರಲ್ಲಿ ಡೆನಿಸ್ ಟಿಟೊ ಎಂಬ ಅಮೆರಿಕದ ಸಾಹುಕಾರ ಸುಮಾರು 2 ಕೋಟಿ ಡಾಲರ್ ತೆತ್ತು ರಷ್ಯದ ನೌಕೆಯಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿಬಂದ. ಆತನಾದರೂ ಒಂದು ವಾರ ಮೇಲಿದ್ದ. 2021ರ ಜುಲೈ 20ರಂದು ಅಮೆಜಾನ್ ಧಣಿ ಜೆಫ್ ಬೆಜೋಸ್ ತಮ್ಮದೇ ಕಂಪನಿಯ ರಾಕೆಟ್ಟಿನಲ್ಲಿ ಏರಿದ್ದು 100 ಕಿಲೋಮೀಟರಿಗಿಂತ ತುಸು ಮೇಲೆ. ಹುಬ್ಬಳ್ಳಿಯಿಂದ ಬೆಳಗಾವಿ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟು. ಏರಿ ಇಳಿದದ್ದು ಹತ್ತು ನಿಮಿಷ ಚಿಲ್ಲರೆ. ಅಷ್ಟರಲ್ಲಿ ನಮ್ಮ ಬಸ್ಸು ಅಮರಗೋಳದಿಂದ ಹುಬ್ಬಳ್ಳಿ ಪೇಟೆ ಮುಟ್ಟುವುದಿಲ್ಲ ಬಿಡಿ!

ಕೆಳಗಿಳಿದ ಮೇಲೆ ಅವರು ಅಮೆಜಾನ್ ನೌಕರರಿಗೂ ಗಿರಾಕಿಗಳಿಗೂ ಧನ್ಯವಾದ ಹೇಳಿ, ಇದಕ್ಕೆಲ್ಲ ಹಣ ತೆತ್ತವರು ನೀವೇ ಎಂದರು. ಕಿರಾಣಿ ಅಂಗಡಿ ಬಿಟ್ಟು ಮೊಬೈಲಿನಲ್ಲಿ ಸಾಮಾನು ತರಿಸುವ ಗಿರಾಕಿಯ ರೊಕ್ಕ ಎಲ್ಲಿ ಹೋಯಿತೆಂದು ನಮ್ಮ ಅಂಗಡಿಕಾರರು ಇನ್ನು ಆಕಾಶ ನೋಡಬೇಕು.

2024ರ ಮೇ 19ರಂದು ಅದೇ ಕಂಪನಿಯ ರಾಕೆಟ್ಟಿನಲ್ಲಿ ಆಂಧ್ರ ಮೂಲದ ಪೈಲಟ್ ಗೋಪಿ ತೋಟಕೂರ ಹೋಗಿಬಂದರು. ಮೊದಲ ಭಾರತೀಯ ಬಾಹ್ಯಾಕಾಶ ಪ್ರವಾಸಿ ಎಂದು ಪತ್ರಿಕೆಗಳು ಬರೆದವು. ಅವರು ಒಯ್ದಿದ್ದ ಪುಟ್ಟ ತ್ರಿವರ್ಣ ಧ್ವಜದ ಚಿತ್ರವೂ ಬಂತು. ಸಂತೋಷದ ಮಾತೇ. ಹೋಗುವವರು ಹೋಗಲಿ, ನಮ್ಮದೇನೂ ತಕರಾರಿಲ್ಲ. ಅದನ್ನೇ ರಾಷ್ಟ್ರದ ಸಾಧನೆ ಎಂದು ಡಂಗುರ ಹೊಡೆಯುವವರ ಮಾತು ಮಾತ್ರ ಗಂಟಲಿಗಿಳಿಯುವುದಿಲ್ಲ.

ರಾಷ್ಟ್ರದ ಲೆಕ್ಕದಲ್ಲಿ ಹೋದವರು ಬೇರೆ ಇದ್ದಾರೆ. 1984ರ ಏಪ್ರಿಲ್ 3ರಂದು ಏರಿದ ರಾಕೇಶ್ ಶರ್ಮಾ ವಾಯುಪಡೆಯವರು. 1971ರ ಯುದ್ಧದಲ್ಲಿ ಮಿಗ್ ವಿಮಾನದಲ್ಲಿ 21 ಬಾರಿ ಹಾರಿ ಬಂದ ಮನುಷ್ಯ. ಅವರ ನಂತರ 41 ವರ್ಷಕ್ಕೆ, 2025ರ ಜೂನ್ 25ರಂದು, ವಾಯುಪಡೆಯವರೇ ಆದ ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ ಹೋದರು. "ಅವರ ಸೀಟಿಗೂ ಸರಕಾರ ರೊಕ್ಕಾ ಕೊಟ್ಟೈತೆಲ್ಲ?" ಎಂದು ಚಹಾದಂಗಡಿ ಪಂಡಿತರು ಕೇಳಬಹುದು. ಕೊಟ್ಟಿದೆ, ಸುಮಾರು 550 ಕೋಟಿ ರೂಪಾಯಿ. ಒಯ್ದ ಆಕ್ಸಿಯಂ ಎಂಬ ಖಾಸಗಿ ಕಂಪನಿ ಸಾಹುಕಾರರನ್ನೂ ಒಯ್ಯುತ್ತದೆ. ಬಂಡಿ ಒಂದೇ, ಹೇರಿದ ಮಾಲು ಬೇರೆ. ಶುಕ್ಲಾ ಅವರ ಸಂಗಡ ಹೆಸರುಕಾಳು, ಮೆಂತ್ಯಕಾಳು ಹೋಗಿದ್ದವು. ತೂಕವಿಲ್ಲದ ಜಾಗದಲ್ಲಿ ಕಾಳು ಮೊಳೆಯುವುದು ಹೇಗೆ, ಅದರಲ್ಲಿ ಸತ್ವ ಎಷ್ಟು ಉಳಿಯುತ್ತದೆ ಎಂಬ ಆ ಪ್ರಯೋಗ ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಧಾರವಾಡದ ವಿಜ್ಞಾನಿಗಳದ್ದು. ಹೆಸರಿನ ಭಾವವನ್ನು ದಿನವೂ ವಿಚಾರಿಸುವ ಎಪಿಎಂಸಿಯ ಮಂದಿಗೆ ಈ ಸುದ್ದಿ ಎಷ್ಟರಮಟ್ಟಿಗೆ ಮುಟ್ಟಿತೋ ದೇವರೇ ಬಲ್ಲ.

ಮೇಲೆ ಹೋದವರ ಯಾದಿ ಬರೆಯುವಾಗ ನಮ್ಮ ಜಿಲ್ಲೆಯವನೊಬ್ಬನನ್ನು ಬಿಡುವಂತಿಲ್ಲ. ಕುಂದಗೋಳ ತಾಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಮದ್ರಾಸ್ ರೆಜಿಮೆಂಟಿನ ಜವಾನ. ಏರಿದ್ದು ಸಿಯಾಚಿನ್, ಸುಮಾರು 19,600 ಅಡಿ. ಕಿಲೋಮೀಟರಿನಲ್ಲಿ ಹೇಳಿದರೆ ಆರು. ರಾಕೆಟ್ಟಿನ ಮುಂದೆ ಇದು ಏನೂ ಅಲ್ಲ. ಟಿಕೆಟ್ಟಿಲ್ಲ, ಸಂಬಳದ ಮೇಲೆ ಹೋದದ್ದು. 2016ರ ಫೆಬ್ರುವರಿ 3ರಂದು ಹಿಮ ಕುಸಿದು 10 ಮಂದಿ ಹೂತುಹೋದರು. ಆರು ದಿನದ ಮೇಲೆ ಹಿಮ ಕೊರೆದು ತೆಗೆದಾಗ ಈತನೊಬ್ಬನಿಗೆ ಮಾತ್ರ ಜೀವವಿತ್ತು. ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ 11ರಂದು ಅದೂ ಹೋಯಿತು. ಮರುದಿನ ಹುಬ್ಬಳ್ಳಿ ನೆಹರೂ ಮೈದಾನದಲ್ಲಿ ಪಾರ್ಥಿವ ಶರೀರಕ್ಕೆ ಕೈಮುಗಿಯಲು ನಿಂತ ಜನಸ್ತೋಮವನ್ನು ಈ ಊರು ಮರೆತಿಲ್ಲ. ಆ ಶರೀರದ ಮೇಲೂ ತ್ರಿವರ್ಣ ಧ್ವಜವೇ ಇತ್ತು.

ಧ್ವಜದ ಮಾತು ಬಂತು, ಅದನ್ನೂ ಹೇಳಿಬಿಡಬೇಕು. ರಾಷ್ಟ್ರಧ್ವಜ ಹೊಲಿಯುವ ಹೆಸರಾಂತ ಘಟಕ ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿದೆ. 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ್ದು. ಅತ್ತ ಧಾರವಾಡ ತಾಲೂಕಿನ ಗರಗದಲ್ಲಿ ಧ್ವಜದ ಖಾದಿ ನೇಯುವವರಿದ್ದಾರೆ. ಅಳತೆಗಳು ಒಟ್ಟು ಒಂಬತ್ತು. ಮೇಜಿನ ಮೇಲೆ ಇಡುವುದು 6×4 ಇಂಚು. ಹುತಾತ್ಮರ ಮೇಲೆ ಹೊದಿಸುವುದು 6×4 ಅಡಿ. ನೂಲು, ಬಣ್ಣ, ಹೊಲಿಗೆ ಎಲ್ಲದಕ್ಕೂ ಸರಕಾರಿ ಮಾನದಂಡವಿದೆ. ತುಸು ತಪ್ಪಿದರೂ ಧ್ವಜ ಬಾದ್.

ಇಂಥ ಕಟ್ಟುನಿಟ್ಟಿನ ಕೆಲಸಕ್ಕೆ 2021ರ ಡಿಸೆಂಬರಿನಲ್ಲಿ ಪೆಟ್ಟು ಬಿತ್ತು. ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್ ಬಟ್ಟೆಗೂ ಯಂತ್ರದ ನೇಯ್ಗೆಗೂ ಅನುಮತಿ ಕೊಟ್ಟರು. ಮುಂದಿನ ಆಗಸ್ಟಿನಲ್ಲಿ ಮನೆಮನೆಗೂ ಧ್ವಜ ಎಂದು ದೇಶವೆಲ್ಲ ಕುಣಿದಾಗ ಖಾದಿ ಧ್ವಜ ಹೊಲಿಯುವ ಹೆಣ್ಣುಮಕ್ಕಳ ಕೈಗೆ ಕೆಲಸ ಹೆಚ್ಚಬೇಕಿತ್ತು. ಅಗ್ಗದ ಪಾಲಿಯೆಸ್ಟರ್ ಮುಂದೆ ಖಾದಿ ಹಿಂದೆ ಬಿತ್ತು, ಸಂಘದವರು ಬೀದಿಗಿಳಿದು ಪ್ರತಿಭಟಿಸಬೇಕಾಯಿತು.

ಖಾದಿ ತುಟ್ಟಿ, ಒಪ್ಪಿದ ಮಾತು. ಆದರೆ ಅಂಗಡಿಯ ಗಲ್ಲಾದ ಮೇಲೆ ಇಡಲು 6×4 ಇಂಚಿನದು ಸಾಕು. ವರ್ಷಕ್ಕೊಂದು ಕೊಂಡರೂ ಯಾರ ವ್ಯಾಪಾರವೂ ಮುಳುಗದು. ಆಗಸ್ಟ್ 15ರ ಮುಂಜಾನೆ ಸಿಗ್ನಲ್ಲಿನಲ್ಲಿ ಪ್ಲಾಸ್ಟಿಕ್ ಝಂಡಾ ಹುಡುಕುವ ಬದಲು ನಾಲ್ಕು ದಿನ ಮೊದಲೇ ಬೆಂಗೇರಿಗೆ ಹೋಗಿಬನ್ನಿ.