ಪಾಂಡವರಿಗೂ ಸಾಲದ ಕಾಡು

ಊರಿನಿಂದ ಬಂದ ಅಪ್ಪನನ್ನು ಪುಣೆ ಕ್ಯಾಂಪಿನಲ್ಲಿ ಎಲ್ಲಿಗೆ ಕರೆದೊಯ್ಯುವುದು ಎಂಬುದು ದೊಡ್ಡ ತಲೆನೋವು. ಎಂ.ಜಿ. ರೋಡಿನ ಅಂಗಡಿಸಾಲು ಅವರಿಗೆ ಬೇಡ. ಕಯಾನಿ ಬೇಕರಿಯ ಬಿಸ್ಕತ್ತು ತಿನ್ನಲು ಹಲ್ಲಿಲ್ಲ. ಶಿರಸಿ ಕಡೆಯ ಅಡಿಕೆ ತೋಟದವರಿಗೆ ಎರಡು ದಿನ ಹಸಿರು ಕಾಣದಿದ್ದರೆ ಮೈಯಲ್ಲಿ ಹುಷಾರಿಲ್ಲದ ಹಾಗೆ ಆಗುತ್ತದೆ. ಹಾಗಾಗಿ ಏಪ್ರಿಲ್ ಕೊನೆಯ ಒಂದು ಭಾನುವಾರ, ಬಿಸಿಲು ಏರುವ ಮೊದಲೇ, ರೇಸ್‌ಕೋರ್ಸ್ ಪಕ್ಕದ ಎಂಪ್ರೆಸ್ ಗಾರ್ಡನ್ನಿಗೆ ಕರೆದುಕೊಂಡು ಹೋದೆ.

ಗೇಟು ದಾಟುತ್ತಲೇ ಮೊದಲ ಪ್ರಶ್ನೆ. "ಎಷ್ಟು ಎಕರೆ?"

"ಮೂವತ್ತೊಂಬತ್ತು."

ಅಪ್ಪ ಬೆರಳು ಮಡಚಿ ಲೆಕ್ಕ ಹಾಕಿದರು. "ಹಾಗಾದ್ರೆ ನಾಲ್ಕೂಕಾಲು ಎಕರೆ ತೋಟದ ಬೆಟ್ಟ."

ಉತ್ತರ ಕನ್ನಡದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಅಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಸೊಪ್ಪು, ದರಕು ಎನ್ನುವ ತರಗೆಲೆಗೆಂದು ಒಂಬತ್ತು ಎಕರೆಯವರೆಗೆ ಬೆಟ್ಟಭೂಮಿ ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ಇದೆ. ಅಪ್ಪನ ತಲೆಯಲ್ಲಿರುವ ಅಳತೆಪಟ್ಟಿಯೂ ಅದೇ. ಮುಂಬೈ ಎಷ್ಟು ದೊಡ್ಡದು ಎಂದು ಕೇಳಿದರೂ ಅವರು ತೋಟ–ಬೆಟ್ಟದಲ್ಲೇ ಹೇಳಿಯಾರು.

ಎಂಪ್ರೆಸ್ ಗಾರ್ಡನ್ ಹುಟ್ಟಿದ್ದು ದಂಡಿನ ಸಿಪಾಯಿಗಳು ಅಡ್ಡಾಡಲೆಂದು. ಮೊದಲು ಸೋಲ್ಜರ್ಸ್ ಗಾರ್ಡನ್ ಎನ್ನುತ್ತಿದ್ದರು. ವಿಕ್ಟೋರಿಯಾ ರಾಣಿ ಭಾರತದ ಸಾಮ್ರಾಜ್ಞಿ ಎಂದು 1877ರ ಜನವರಿ 1ರಂದು ದೆಹಲಿಯಲ್ಲಿ ಡಂಗುರ ಹೊಡೆಸಿದರಲ್ಲ, ಈಗಿನ ಹೆಸರು ಆ ಬಿರುದಿನದು. ನೋಡಿಕೊಳ್ಳುತ್ತಿರುವುದು 1830ರಲ್ಲಿ ಸ್ಥಾಪನೆಯಾದ ಪಶ್ಚಿಮ ಭಾರತದ ಕೃಷಿ–ತೋಟಗಾರಿಕೆ ಸೊಸೈಟಿ. ಪಕ್ಕದ ರೇಸ್‌ಕೋರ್ಸಿಗೂ ಅದೇ 1830ರ ಹುಟ್ಟು, ಆದರೆ ಅದು ನೂರಾಹದಿನೆಂಟು ಎಕರೆಗೂ ಮೇಲೆ. ಕುದುರೆ ಓಡುವ ಹುಲ್ಲಿಗೆ ಮರಗಳಿಗಿಂತ ಮೂರುಪಟ್ಟು ಜಾಗ. ಸರಿಯೋ ತಪ್ಪೋ, ದಂಡಿನವರ ಲೆಕ್ಕ ಹಾಗೆ.

ಹೂವಿನ ಪಾತಿ, ಮಕ್ಕಳ ಜಾರುಬಂಡಿ ದಾಟಿ ಒಳಗೆ ಹೋದರೆ ಹಳೆಯ ಮರಗಳು. ಅವುಗಳ ನಡುವೆ ಈ ತೋಟಕ್ಕೆ ಹೆಸರು ತಂದ ಮಹಾಬಳ್ಳಿಗಳು. ಬಳ್ಳಿ ಎನ್ನಲು ನಾಲಿಗೆ ಹಿಂಜರಿಯುತ್ತದೆ. ಆನೆಯ ಸೊಂಡಿಲಿನಷ್ಟು ದಪ್ಪ, ಒಂದು ಮರ ಹತ್ತಿ ಇನ್ನೊಂದರಲ್ಲಿ ಇಳಿದು ಮತ್ತೆ ಮೂರನೆಯದಕ್ಕೆ ಏರಿವೆ. ಯಾವುದರ ಬುಡ ಎಲ್ಲಿ, ತುದಿ ಎಲ್ಲಿ ಎಂದು ಅಪ್ಪ ಹತ್ತು ನಿಮಿಷ ಹುಡುಕಿ ಸೋತರು. ಸೋತದ್ದಕ್ಕೆ ಖುಷಿಯಾಗಿದ್ದರು. ಆದರೂ ಹೊರಗೆ ಬರುವಾಗ ತೀರ್ಪು ಕೊಟ್ಟೇ ಬಿಟ್ಟರು: "ಚೆಂದ ಇದೆ ತಮಾ. ಆದ್ರೆ ಇದು ತೋಟ. ಕಾಡಲ್ಲ."

ಅಂದೇ ಮಧ್ಯಾಹ್ನ ಇಂಗ್ಲೆಂಡಿನಿಂದ ಮಗಳ ವಿಡಿಯೊ ಕರೆ. ಅವಳೂ ಕಾಡಿಗೇ ಹೋಗಿದ್ದಳು! ಬಾರ್ಲಿ ಹೊಲಗಳ ನಡುವೆ ಉಳಿದ ಹತ್ತು ಎಕರೆಯಷ್ಟು ಓಕ್, ಆ್ಯಶ್, ಹೇಝಲ್ ಮರಗಳ ತೋಪು. ನೆಲದ ತುಂಬ ನೀಲಿ ಬ್ಲೂಬೆಲ್ ಹೂ, ಯಾರೋ ಬಣ್ಣ ಚೆಲ್ಲಿದ ಹಾಗೆ. ಜಗತ್ತಿನ ಬ್ಲೂಬೆಲ್‌ಗಳಲ್ಲಿ ಅರ್ಧದಷ್ಟು ಆ ದೇಶದಲ್ಲೇ ಇವೆಯಂತೆ.

"ಹತ್ತೇ ಎಕರೆ? ಅದಕ್ಕೆ ಹೆಸರು ಬೇರೆ ಇಟ್ಟಿದ್ದಾರಾ?" ಅಜ್ಜನ ಪ್ರಶ್ನೆ.

"ನಕ್ಷೆಯಲ್ಲೇ ಹೆಸರಿದೆ ಅಜ್ಜಾ. 1600ರಿಂದ ಇರೋ ಕಾಡಂತೆ."

1600 ಎಂಬುದು ಇಂಗ್ಲೆಂಡಿನ ಕಾಡುಗಣತಿಯ ಗೆರೆ. ಆ ವರ್ಷದಿಂದ ಎಡೆಬಿಡದೆ ಕಾಡಾಗಿಯೇ ಉಳಿದ ನೆಲವನ್ನು ಅಲ್ಲಿ ಪುರಾತನ ಕಾಡು ಎನ್ನುತ್ತಾರೆ. ಅಂಥದ್ದು ಈಗ ಬ್ರಿಟನ್ ನೆಲದ ನೂರರಲ್ಲಿ ಎರಡೂವರೆ ಪಾಲು ಮಾತ್ರ. ಈಸ್ಟ್ ಇಂಡಿಯಾ ಕಂಪನಿಗೆ ಎಲಿಜಬೆತ್ ರಾಣಿ ಸನ್ನದು ಕೊಟ್ಟ ವರ್ಷವೂ 1600. ಅಂದರೆ ಪುಣೆಯಲ್ಲಿ ಈ ದಂಡು ಕಟ್ಟಿದ ಕಂಪನಿಗೆ ಎಷ್ಟು ವಯಸ್ಸೋ, ಮೊಮ್ಮಗಳು ನಿಂತಿದ್ದ ಕಾಡಿಗೆ ಕನಿಷ್ಠ ಅಷ್ಟು.

ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ಆ ತೋಪಿನಲ್ಲಿ ಎಷ್ಟು ಬಗೆಯ ಮರ ಎಂದು ಅಪ್ಪ ಕೇಳಿಬಿಟ್ಟರು. ನನ್ನ ರಾತ್ರಿ ನಿದ್ದೆ ಹಾರಿದ್ದು ಆ ಪ್ರಶ್ನೆಯಿಂದ.

ತೋಪಿನ ಮಾತಿರಲಿ. ಇಡೀ ಬ್ರಿಟನ್ನಿಗೆ ಸ್ವಂತದ್ದೆನ್ನಬಹುದಾದ ಮರಜಾತಿಗಳು ಮೂವತ್ತೈದರ ಆಸುಪಾಸು. ಕರ್ನಾಟಕಕ್ಕಿಂತ ದೊಡ್ಡದಾದ ದ್ವೀಪಕ್ಕೆ ಅಷ್ಟೇ. ಹಿಮಯುಗ ಅಲ್ಲಿನ ಕಾಡನ್ನು ಬೋಳಿಸಿಬಿಟ್ಟಿತ್ತು. ಹಿಮ ಕರಗಿದ ಮೇಲೆ ಯುರೋಪಿನಿಂದ ಮರಗಳು ಬೀಜದ ಮೇಲೆ ಬೀಜ ಚೆಲ್ಲುತ್ತ ಉತ್ತರಕ್ಕೆ ನಡೆದವು. ಸುಮಾರು 8,000 ವರ್ಷಗಳ ಹಿಂದೆ ಸಮುದ್ರ ಏರಿ ದಾರಿ ಮುಚ್ಚಿತು. ಅಷ್ಟರೊಳಗೆ ದಾಟಿದವು ದಾಟಿದವು, ಉಳಿದವು ದಡದಲ್ಲೇ ಉಳಿದವು. ಕೊನೆಯ ಬಸ್ಸು ತಪ್ಪಿದವರ ಹಾಗೆ.

ಇದರ ಪಕ್ಕಕ್ಕೆ ಕೊಡಗಿನ ಉಪ್ಪಂಗಳವನ್ನಿಡಿ. ಪುಷ್ಪಗಿರಿ ಸೀಮೆಯ ಕಡಮಕಲ್ಲು ಕಾಡಿನಲ್ಲಿ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು 1989ರಿಂದ ಮರಗಳನ್ನು ಒಂದೊಂದಾಗಿ ಅಳೆಯುತ್ತ ಬಂದಿದ್ದಾರೆ. ಪಾಸ್ಕಲ್ ಮತ್ತು ಪೆಲಿಸಿಯೇ 1996ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: 3.12 ಹೆಕ್ಟೇರಿನಲ್ಲಿ 30 ಸೆಂಟಿಮೀಟರಿಗಿಂತ ಹೆಚ್ಚು ಸುತ್ತಳತೆಯ ಮರಗಳು 1,981. ಅವುಗಳಲ್ಲಿ ಜಾತಿಗಳು 91.

3.12 ಹೆಕ್ಟೇರ್ ಎಂದರೆ ಏಳು ಮುಕ್ಕಾಲು ಎಕರೆಗೂ ತುಸು ಕಡಿಮೆ. ಅಪ್ಪನ ಪಟ್ಟಿಯಲ್ಲಿ ಒಂದು ಎಕರೆ ತೋಟಕ್ಕೂ ಸಾಲದ ಬೆಟ್ಟ. ಮಗಳ ತೋಪಿಗಿಂತ ಸಣ್ಣದು. ಅಷ್ಟರೊಳಗೆ ಇಡೀ ಬ್ರಿಟನ್ನಿನ ಎರಡೂವರೆ ಪಟ್ಟು ಮರಜಾತಿಗಳು! ಇದು ಮರಗಳ ಲೆಕ್ಕ ಮಾತ್ರ. ಅಲ್ಲಿ ಹೇರಳವಾಗಿರುವ ಹಾಸಿಗೆಮರದ ಟೊಳ್ಳು ಗೆಣ್ಣುಗಳೊಳಗೆ ಸಂಸಾರ ಹೂಡಿರುವ ಇರುವೆಗಳು ಇದರಲ್ಲಿ ಸೇರಿಲ್ಲ. ಮಳೆಯ ಮಾತು ಬಂದರೆ ಉಪ್ಪಂಗಳಕ್ಕೆ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು. ಸಹ್ಯಾದ್ರಿಯ ಬೆನ್ನಿಗೆ ಬಿದ್ದ ಪುಣೆಗೆ ಅದರ ಏಳನೆಯ ಒಂದು ಪಾಲು ದಕ್ಕಿದರೆ ಪುಣ್ಯ.

ಇಂಗ್ಲೆಂಡಿನ ಕಾಡು ಬಡವಾಯಿತು ಎಂದು ನಾನು ಮೀಸೆ ತಿರುವಲಾರೆ. ಅಲ್ಲಿನವರು ತಮ್ಮ ಓಕ್ ಮರಗಳ ನೆಂಟರನ್ನು ಪಟ್ಟಿ ಮಾಡಿದ್ದಾರೆ. ಹಕ್ಕಿ, ಕೀಟ, ಪಾಚಿ, ಕಲ್ಲುಹೂ, ಅಣಬೆ ಎಲ್ಲ ಸೇರಿ 2,300 ಬಗೆಯ ಜೀವಿಗಳು. ಅವುಗಳಲ್ಲಿ 326 ಜೀವಿಗಳಿಗೆ ಓಕ್ ಬಿಟ್ಟರೆ ಬೇರೆ ಮನೆಯೇ ಇಲ್ಲ. ನಮ್ಮ ಹಾಸಿಗೆಮರಕ್ಕೆ ಅಂಥ ಪಟ್ಟಿ ಎಲ್ಲಿದೆ? ಹತ್ತು ಎಕರೆಗೆ ಹೆಸರಿಟ್ಟು ಕಾಯುವವರು ಒಂದು ಮರವನ್ನೂ ಹಾಗೆ ಓದುತ್ತಾರೆ. ನಮ್ಮಲ್ಲಿ ಕಾಡು ಶ್ರೀಮಂತ, ಕಡತ ಬಡವ.

ಹೆಸರಿಟ್ಟು ಕಾಯುವುದು ನಮಗೆ ಗೊತ್ತಿಲ್ಲದ್ದೇನೂ ಅಲ್ಲ. ಕೊಡಗಿನ ದೇವರಕಾಡುಗಳು 1,214. ಎಲ್ಲ ಸೇರಿ 6,299 ಎಕರೆ ಎಂದು 1985ರ ಲೆಕ್ಕ. ಭಾಗಿಸಿದರೆ ಒಂದೊಂದಕ್ಕೆ ಸರಾಸರಿ ಐದು ಎಕರೆ ಚಿಲ್ಲರೆ. ಎಂಪ್ರೆಸ್ ಗಾರ್ಡನ್ನಿನೊಳಗೆ ಅಂಥವು ಏಳು ಹಿಡಿದು ಇನ್ನೂ ಜಾಗ ಉಳಿಯುತ್ತದೆ. 1905ರಲ್ಲಿ ದೇವರ ಹೆಸರಿನಲ್ಲಿ 15,506 ಎಕರೆ ಇತ್ತು. ಉಳಿದ ಒಂಬತ್ತು ಸಾವಿರ ಎಕರೆಯನ್ನು ದೇವರೇನೂ ನುಂಗಲಿಲ್ಲ.

ಐದು ಎಕರೆ ಎಂದರೆ ಎಷ್ಟು? ಆಂಧ್ರದ ಕದಿರಿ ಬಳಿ, ನಮ್ಮ ಬಾಗೇಪಲ್ಲಿ ಗಡಿಯಿಂದ ಬಹಳ ದೂರವಿಲ್ಲದ ಕಡೆ, ತಿಮ್ಮಮ್ಮ ಮರ್ರಿಮಾನು ಎಂಬ ಆಲದ ಮರವಿದೆ. ಬೆಂಗಳೂರಿನ ಪತ್ರಕರ್ತ ರಿಗ್ರೆಟ್ ಅಯ್ಯರ್ ಹಠ ಹಿಡಿದು ಅದನ್ನು ಜಗತ್ತಿಗೆ ತೋರಿಸಿದ ಮೇಲೆ 1989ರಲ್ಲಿ ಗಿನ್ನೆಸ್ ಪುಸ್ತಕ ಸೇರಿತು. ಅದರ ನೆರಳಿನ ಹರವು 19,107 ಚದರ ಮೀಟರ್, ಅಂದರೆ ನಾಲ್ಕು ಮುಕ್ಕಾಲು ಎಕರೆಗೆ ಒಂದಿಷ್ಟು ಕಡಿಮೆ. ಒಂದೇ ಮರ ಹೆಚ್ಚುಕಡಿಮೆ ಒಂದು ದೇವರಕಾಡಿನಷ್ಟು ಜಾಗ ಹಿಡಿದಿದೆ. ಅದೇ ಜಾಗದಲ್ಲಿ ಉಪ್ಪಂಗಳದ ಲೆಕ್ಕ ಹಿಡಿದರೆ 1,200 ಮರ ನಿಂತಾವು. ಎಕರೆಯನ್ನು ಹಿಡಿದು ಕಾಡನ್ನು ಅಳೆಯಲಾಗದು ಎಂದು ನನಗೆ ಖಾತ್ರಿಯಾದದ್ದು ಇಲ್ಲಿ.

ಹಾಗಾದರೆ ತಲೆ ಎಣಿಸೋಣ. ಭೂಮಿಯ ಮೇಲೆ ಒಟ್ಟು ಮರಗಳು ಸುಮಾರು 3.04 ಲಕ್ಷ ಕೋಟಿ ಎಂದು ಥಾಮಸ್ ಕ್ರೌದರ್ ಮತ್ತು ಸಂಗಡಿಗರು 2015ರಲ್ಲಿ ಅಂದಾಜು ಮಾಡಿದರು. ಮನುಷ್ಯರು ಬೇಸಾಯ ಹಿಡಿದಾಗಿನಿಂದ ಅರ್ಧದ ಹತ್ತಿರ, ನೂರಕ್ಕೆ 46, ಹೋಗಿ ಉಳಿದದ್ದು ಇಷ್ಟು. ತಲೆಗೆ ಹಂಚಿದರೆ ಆಗಿನ ಜಗತ್ತಿನ ಪ್ರತಿಯೊಬ್ಬರಿಗೆ 422 ಮರ. ಭಾರತದ ಮರಗಳನ್ನು ಭಾರತೀಯರಿಗಷ್ಟೇ ಹಂಚಿದರೆ ತಲೆಗೆ 28. ಅವರು ಎಣಿಸಿದ್ದು ಹತ್ತು ಸೆಂಟಿಮೀಟರ್ ಅಡ್ಡಳತೆಯ ಮೇಲಿನ ಮರಗಳನ್ನು. ಉಪ್ಪಂಗಳದ 30 ಸೆಂಟಿಮೀಟರ್ ಸುತ್ತಳತೆಯೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಗೆ ಹಾಕಬಹುದು.

ಹಾಕಿದೆ. ಭಾರತದ ಪಾಲಿನಲ್ಲಿ ಉಪ್ಪಂಗಳದ 1,981 ಮರಗಳು ಎಪ್ಪತ್ತು ಜನರಿಗೆ ಸಾಕು. ಒಂದು ಬಸ್ಸಿನಲ್ಲಿ ನಿಂತು ಕೂತು ಹೋಗುವಷ್ಟು ಮಂದಿ. ಜಗತ್ತಿನ ಪಾಲಿನಲ್ಲಾದರೆ ಐದು ಜನರಿಗೂ ಇಲ್ಲ. 91 ಜಾತಿಯ ಆ ದಟ್ಟ ಕಾಡು ಪಾಂಡವರಿಗೂ ಸಾಲದು. ಸಹದೇವನಿಗೆ ಬರುವ ಹೊತ್ತಿಗೆ 129 ಮರ ಕಡಿಮೆ ಬೀಳುತ್ತವೆ.

ಪುಣೆ ದಂಡಿಗೂ ಒಂದು ಲೆಕ್ಕ ಹಾಕಿ ನೋಡಿದೆ. 2011ರ ಜನಗಣತಿಯಲ್ಲಿ ಇಲ್ಲಿ 71 ಸಾವಿರದ ಚಿಲ್ಲರೆ ಜನ. ತಲೆಗೆ 28ರಂತೆ ಇಪ್ಪತ್ತು ಲಕ್ಷ ಮರ ಬೇಕು. ಉಪ್ಪಂಗಳದಷ್ಟು ಒತ್ತಾಗಿ ಬೆಳೆಸಿದರೂ ಏಳು ಸಾವಿರದ ಎಂಟುನೂರು ಎಕರೆ, ಎಂದರೆ ಇನ್ನೂರು ಎಂಪ್ರೆಸ್ ಗಾರ್ಡನ್. ಇರುವುದು ಒಂದು. ಅದರಲ್ಲೂ ಜನವರಿಯ ಫಲಪುಷ್ಪ ಪ್ರದರ್ಶನಕ್ಕೆ ಬರುವವರಲ್ಲಿ ಎಷ್ಟೋ ಮಂದಿ ಕುಂಡದ ಹೂ ನೋಡಿ, ಹಿಂದಿನ ಬಳ್ಳಿಗಳತ್ತ ಸುಳಿಯದೆ, ಐಸ್‌ಕ್ರೀಂ ತಿಂದು ಮನೆಗೆ ಹೋಗುತ್ತಾರೆ.

ಸಣ್ಣ ಕಾಡನ್ನು ಎಣಿಸುವ ಚಾಳಿ ಪುಣೆಗೆ ಹೊಸದಲ್ಲ. ಇಲ್ಲೇ ಹುಟ್ಟಿದ ಮಾಧವ ಗಾಡ್ಗೀಳರು ವಿ.ಡಿ. ವರ್ತಕರ ಜೊತೆ ಎಪ್ಪತ್ತರ ದಶಕದಲ್ಲಿ ಸಹ್ಯಾದ್ರಿಯ ದೇವರಾಯಿಗಳನ್ನು ಹುಡುಕಿಕೊಂಡು ನಡೆದರು. ನಮ್ಮ ದೇವರಕಾಡಿಗೆ ಮರಾಠಿಯಲ್ಲಿ ದೇವರಾಯಿ ಎನ್ನುತ್ತಾರೆ. ಗಾಡ್ಗೀಳರು ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರ ಕಟ್ಟಿದರು. ಉತ್ತರ ಕನ್ನಡದ ಕಾನು ಎಂಬ ದಟ್ಟ ಕಾಡುಗಳೂ ಹೀಗೆ ಎಣಿಕೆಗೆ ಸಿಕ್ಕಿದವು.

ಮರುದಿನ ಬೆಳಿಗ್ಗೆ ಚಹಾ ಹೀರುತ್ತಿದ್ದ ಅಪ್ಪನಿಗೆ ಇದನ್ನೆಲ್ಲ ಒಪ್ಪಿಸಿದೆ. ಪಾಂಡವರ ಲೆಕ್ಕಕ್ಕೆ ನಕ್ಕರು. ಕೊನೆಗೆ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಸುದ್ದಿ ಹೇಳಿದೆ. ಅಲ್ಲಿನ ರಾಮಪತ್ರೆ ಜಡ್ಡಿಯಲ್ಲಿ, ನೀರಿನಲ್ಲಿ ಬೇರು ಊರಿ ನಿಂತ ಗೇರಿನ ಕುಲದ ಮರವೊಂದು ಯಾವ ಸಸ್ಯಶಾಸ್ತ್ರದ ಪುಸ್ತಕದಲ್ಲೂ ಇರಲಿಲ್ಲ. ಅದಕ್ಕೆ ಆ ಕಾನಿನ ಹೆಸರನ್ನೇ ಸೇರಿಸಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ನಾಮಕರಣ ಮಾಡಿದರು.

"ಯಾವ ವರ್ಷ?" ಅಪ್ಪ ಕೇಳಿದರು.

"2000."

ಅಪ್ಪ ಲೋಟ ಕೆಳಗಿಟ್ಟರು. ಹೊನ್ನಾವರದ ಬಸ್ಸು ಹೋಗುವುದು ಆ ಕಾನಿನ ನಡುವೆಯೇ. ನಲವತ್ತು ವರ್ಷ ಅವರು ಆ ಬಸ್ಸಿನ ಕಿಟಕಿ ಪಕ್ಕ ಕೂತು ಹೋಗಿ ಬಂದಿದ್ದಾರೆ.